ಸೈನ್ಯದ ಹಳೆಯ ರೈಫಲ್ಲಿನ ಆ್ಯಕ್ಷನ್ ಮೇಲೆ ಕ್ಲಾಸಿಕ್ ರೈಫಲ್: ಮೌಸರ್, ಸ್ಪ್ರಿಂಗ್‌ಫೀಲ್ಡ್, ಎನ್‌ಫೀಲ್ಡ್‌ಗಳಲ್ಲಿ ಯಾವುದು ಯಾರಿಗೆ?

ಅಮೆರಿಕದಲ್ಲಿ ನೆಲೆಸಿ, ವಾರಾಂತ್ಯಕ್ಕೆ ರೇಂಜ್‌ಗೂ ಸೀಸನ್ ಬಂದಾಗ ಜಿಂಕೆ ಬೇಟೆಗೂ ಹೋಗುವ ಕನ್ನಡಿಗ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆ ಇದು: ಹಳೆಯ ಮಿಲಿಟರಿ ರೈಫಲ್ಲಿನ ಆ್ಯಕ್ಷನ್ (ತೋಟಾ ತುಂಬಿ ಬೀಗ ಹಾಕುವ ಯಂತ್ರಭಾಗ) ತಗೊಂಡು, ಅದಕ್ಕೆ ಹೊಸ ಬ್ಯಾರೆಲ್, ಒಳ್ಳೆಯ ಅಕ್ರೋಟು ಮರದ ಸ್ಟಾಕ್ ಹಾಕಿಸಿ, ಹಳೇ ಕಾಲದ ಚೆಲುವಿನ ರೈಫಲ್ ಮಾಡಿಸಬೇಕು, 98 ಮೌಸರ್ ತಗೊಳ್ಳಲಾ, ಸ್ಪ್ರಿಂಗ್‌ಫೀಲ್ಡ್ ತಗೊಳ್ಳಲಾ? ಜೊತೆಗೆ ಗನ್ ಶೋನಲ್ಲಿ ಕಂಡ ಒಂದು ಆ್ಯಕ್ಷನ್ನಿನ ಫೋಟೊ, ಅದರ ಬೆಲೆ. ಬೆಲೆ ಕಡಿಮೆ ಇದೆಯಲ್ಲ ಎಂಬ ಆಸೆಯೂ ಇರುತ್ತದೆ.

ಆ ಬೆಲೆಯನ್ನು ಕೊನೆಗೆ ನೋಡಿ. ಮೊದಲು ಯಾವ ತೋಟಾ ಬೇಕು ಎಂದು ತೀರ್ಮಾನಿಸಿ. ಆಮೇಲೆ ಆ ತೋಟಾಕ್ಕೆ ಒಗ್ಗುವ ಆ್ಯಕ್ಷನ್ ಮೇಲೆ ಎಷ್ಟು ಕೆಲಸ ಬಾಕಿ ಇದೆ ಎಂದು ಎಣಿಸಿ. ಅಗ್ಗದ ಆ್ಯಕ್ಷನ್ನಿನಿಂದ ಶುರುವಾದ ರೈಫಲ್ಲೇ ಹೆಚ್ಚಿನ ಸಲ ಅತಿ ದುಬಾರಿಯಾಗಿ ಮುಗಿಯುತ್ತದೆ, ಯಾಕೆಂದರೆ ಹಣ ಹೋಗುವುದು ಉಕ್ಕಿಗಲ್ಲ, ಕೈಕೆಲಸಕ್ಕೆ.

ಈ ಪರಂಪರೆಗೆ ನೂರು ವರ್ಷ ದಾಟಿದೆ. ಅಮೆರಿಕದ ಸೈನ್ಯ 1903ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲ್ ಒಪ್ಪಿಕೊಂಡ ಕೂಡಲೇ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ತನಗೊಂದು ಬೇಟೆಯ ಸ್ಟಾಕ್ ಹಾಕಿಸಿಕೊಂಡರು. 1909ರಲ್ಲಿ ಆಫ್ರಿಕಾಕ್ಕೆ ಅದನ್ನು ಒಯ್ದರು. ಲಾಸ್ ಏಂಜಲೀಸಿನ ಲುಡ್ವಿಗ್ ವುಂಡ್‌ಹ್ಯಾಮರ್ ಸ್ಪ್ರಿಂಗ್‌ಫೀಲ್ಡ್ ಆ್ಯಕ್ಷನ್ ಮೇಲೆ ಕಟ್ಟಿದ ಬೇಟೆಯ ರೈಫಲ್‌ಗಳಿಂದ ಅಮೆರಿಕನ್ ಕ್ಲಾಸಿಕ್ ಸ್ಟಾಕಿನ ಗೆರೆಗಳು ರೂಪುಗೊಂಡವು. 1923ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ರೈಫಲ್ ಕಟ್ಟುವ ಗ್ರಿಫಿನ್ ಅಂಡ್ ಹೋವ್ ಕಂಪನಿ ಶುರುವಾಯಿತು. ಅತ್ತ ಲಂಡನ್ನಿನಲ್ಲಿ ರಿಗ್ಬಿ ಕಂಪನಿ ಜರ್ಮನಿಯ ಮೌಸರ್ ಆ್ಯಕ್ಷನ್ನುಗಳನ್ನೇ ತರಿಸಿ ಬೇಟೆಯ ರೈಫಲ್ ಕಟ್ಟುತ್ತಿತ್ತು. ಚಂಪಾವತದ ನರಭಕ್ಷಕ ಹುಲಿಯನ್ನು ಹೊಡೆದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಸಿಕ್ಕ ರೈಫಲ್ ಅಂಥದ್ದೇ: .275 ರಿಗ್ಬಿ, ಅಂದರೆ ಮೌಸರ್ ಸಾಹೇಬರ 7×57 ತೋಟಾಕ್ಕೆ ಇಂಗ್ಲಿಷರು ಕೊಟ್ಟ ಇನ್ನೊಂದು ಹೆಸರು.

ಕ್ಲಾಸಿಕ್ ಎಂದರೆ ಕಣ್ಣಿಗೆ ಹೇಗಿರಬೇಕು? ಸ್ಟಾಕಿನ ಮೇಲಂಚು ನೇರ, ಕೆನ್ನೆಯ ಭಾಗದಲ್ಲಿ ಗೂನು ಇಲ್ಲ. ಕೈ ಹಿಡಿಯುವ ಕತ್ತು ತೆಳ್ಳಗೆ. ಮುಂದಿನ ತುದಿಗೆ ಕರಿಮರ, ಉಕ್ಕಿನ ಗ್ರಿಪ್ ಕ್ಯಾಪ್, ಕೈಯಿಂದ ಕೆತ್ತಿದ ಸಣ್ಣ ಚೌಕುಳಿ ಗೆರೆಗಳು, ಹೊಳಪು ಮೆತ್ತದ ಎಣ್ಣೆ ಫಿನಿಶ್. ಆ ರೂಪದ ಮೇಲೆ ನಿಮಗೆ ಪ್ರೀತಿ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಜಿಂಕೆ ಹೊಡೆಯಲು ಒಂದು ರೈಫಲ್ ಸಾಕು ಎನ್ನುವವರಿಗೆ ಅಂಗಡಿಯಲ್ಲಿ ಸಿಗುವ ಹೊಸ ರೈಫಲ್ ಕಡಿಮೆ ಬೆಲೆಗೆ ಇದಕ್ಕಿಂತ ಚೆನ್ನಾಗಿ ಗುರಿ ಹೊಡೆಯುತ್ತದೆ. ಎರಡನೇ ಮಹಾಯುದ್ಧದ ನಂತರ ಸೈನ್ಯಕ್ಕೆ ಬೇಡವಾದ ಸರ್ಪ್ಲಸ್ ರೈಫಲ್‌ಗಳು ಪುಡಿಗಾಸಿಗೆ ಬಿಕರಿಯಾದ ಕಾಲದಲ್ಲಿ ಇದು ಉಳಿತಾಯದ ದಾರಿಯಾಗಿತ್ತು. ಈಗ ಅಲ್ಲ.

ಮೊದಲು ಕಾನೂನು

ಅಮೆರಿಕದಲ್ಲಿ ರಿಸೀವರ್ (ಆ್ಯಕ್ಷನ್ನಿನ ಉಕ್ಕಿನ ಒಡಲು) ಒಂದೇ ಇದ್ದರೂ ಕಾನೂನಿನ ಕಣ್ಣಿಗೆ ಅದು ಪೂರ್ತಿ ಬಂದೂಕು. ಖರೀದಿ, ಸಾಗಣೆ, ಗನ್‌ಸ್ಮಿತ್ ಕೈಗೆ ಒಪ್ಪಿಸುವುದು ಎಲ್ಲಕ್ಕೂ ಅದೇ ನಿಯಮ. ನಮ್ಮವರು ಮುಖ್ಯವಾಗಿ ತಿಳಿದಿರಬೇಕಾದದ್ದು ಇನ್ನೊಂದಿದೆ: ಎಚ್-1ಬಿ, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಇದರಿಂದ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ರಾಜ್ಯ ರಾಜ್ಯಕ್ಕೂ ನಿಯಮ ಬೇರೆ, ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಊರಿನಲ್ಲಿ ಇದನ್ನು ಮಾಡಿಸಬಹುದೇ ಎಂದು ಕೊಡಗಿನ ಗೆಳೆಯರು ಕೇಳುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕು ತಯಾರಿಕೆಗೂ ಮಾರ್ಪಾಡಿಗೂ ಬೇರೆಯದೇ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಹೊಸದಾಗಿ ಕಟ್ಟುವುದಕ್ಕಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೂ ಇಲ್ಲ. ಹಾಗಾಗಿ ಮುಂದೆ ಹೇಳುವುದೆಲ್ಲ ಅಮೆರಿಕದ ಮಾತು.

ಯಾವ ಅಳತೆಗೋಲಿನಿಂದ ಅಳೆಯಬೇಕು

ತೋಟಾವನ್ನು ಮ್ಯಾಗಜಿನ್‌ನಿಂದ ಎತ್ತಿ ಚೇಂಬರಿಗೆ (ಬ್ಯಾರೆಲ್ಲಿನ ಹಿಂತುದಿಯಲ್ಲಿ ತೋಟಾ ಕೂರುವ ಜಾಗಕ್ಕೆ) ತಳ್ಳಿ, ಹಿಂದಿನಿಂದ ಬೀಗ ಹಾಕಿ, ಹಾರಿದ ಮೇಲೆ ಖಾಲಿ ಕೇಸನ್ನು ಹೊರಗೆಸೆಯುವ ಯಂತ್ರಭಾಗವೇ ಆ್ಯಕ್ಷನ್. ಆದ್ದರಿಂದ ಮೊದಲ ಅಳತೆ ಉದ್ದ. ನಿಮ್ಮ ತೋಟಾ ಆ ಮ್ಯಾಗಜಿನ್‌ನಲ್ಲಿ ಸಹಜವಾಗಿ ಕೂರುತ್ತದೆಯೇ, ಅಥವಾ ಉಕ್ಕು ಕೊರೆದು ಜಾಗ ಮಾಡಬೇಕೇ?

ಎರಡನೆಯದು ಉಕ್ಕಿನ ಗುಣ. ನೂರು ವರ್ಷದ ಹಿಂದಿನ ಉಕ್ಕು, ಗಡಸಾಗಲೆಂದು ಕಾಯಿಸಿ ಅದಕ್ಕೆ ಕೊಟ್ಟ ಹದ, ಆಮೇಲೆ ಅದು ಅನುಭವಿಸಿದ ಬದುಕು ಎಲ್ಲ ಲೆಕ್ಕಕ್ಕೆ ಬರುತ್ತವೆ. ಇದರ ಜೊತೆಗೇ ಸೇರಿದ್ದು ಗ್ಯಾಸಿನ ನಿರ್ವಹಣೆ: ತೋಟಾದ ಕೇಸ್ ಸೀಳಿದರೆ ಒತ್ತಡದ ಬಿಸಿ ಗ್ಯಾಸ್ ನಿಮ್ಮ ಕಣ್ಣಿನ ಕಡೆ ಬರುತ್ತದೆಯೋ, ಪಕ್ಕಕ್ಕೆ ತಿರುಗುತ್ತದೆಯೋ?

ಮೂರನೆಯದು ಬಾಕಿ ಕೆಲಸ. ಮಿಲಿಟರಿ ಆ್ಯಕ್ಷನ್ನಿಗೆ ದೂರದರ್ಶಕ ಕೂರಿಸಲು ತೂತು ಕೊರೆದು ತಿರುಪಿನ ಸುರುಳಿ ಗೆರೆ ಹಾಕಬೇಕು. ಬೋಲ್ಟ್ ಅಂದರೆ ಹಿಂದೆ ಮುಂದೆ ಜಾರಿ ಬೀಗ ಹಾಕುವ ಉಕ್ಕಿನ ಸರಳು; ಅದರ ನೆಟ್ಟಗೆ ನಿಂತ ಹಿಡಿಯನ್ನು ಕೆಳಕ್ಕೆ ಬಾಗಿಸಬೇಕು ಅಥವಾ ಕತ್ತರಿಸಿ ಹೊಸದನ್ನು ಬೆಸೆಯಬೇಕು. ಮೇಲೆ ಬಾವುಟದಂತೆ ನಿಲ್ಲುವ ಸೇಫ್ಟಿಯನ್ನು ಪಕ್ಕಕ್ಕೆ ಸರಿಯುವ ಬಗೆಗೆ ಬದಲಿಸಬೇಕು. ಟ್ರಿಗರ್ ಹೊಸದು ಬೇಕು. ಕ್ಲಿಪ್ಪಿನಿಂದ ತೋಟಾ ತುಂಬಲೆಂದು ಇರುವ ಉಬ್ಬನ್ನು ತೇಯಬೇಕು. ಇವುಗಳಲ್ಲಿ ಎಷ್ಟು ಈಗಾಗಲೇ ಚೆನ್ನಾಗಿ ಆಗಿವೆ ಎಂಬುದರ ಮೇಲೆ ಬಿಲ್ ನಿಂತಿದೆ.

ನಾಲ್ಕನೆಯದನ್ನು ನಾನು ಒತ್ತಿ ಹೇಳುತ್ತೇನೆ: ಮೂಲರೂಪದಲ್ಲೇ ಉಳಿದಿರುವ ಸೈನಿಕ ರೈಫಲ್ಲನ್ನು ಕತ್ತರಿಸಬೇಡಿ. ಬ್ಯಾರೆಲ್, ಸ್ಟಾಕ್, ಗುರುತಿನ ಮುದ್ರೆಗಳೆಲ್ಲ ಕೂಡಿಯೇ ಇರುವ ರೈಫಲ್ ಒಂದು ಚರಿತ್ರೆಯ ದಾಖಲೆ. ಸಂಗ್ರಾಹಕರ ಬಳಿ ಅದರ ಬೆಲೆ ನಿಮ್ಮ ಕೈಯಲ್ಲಿ ಉಳಿಯುವ ಬರಿಯ ಆ್ಯಕ್ಷನ್ನಿನ ಬೆಲೆಗಿಂತ ಹೆಚ್ಚು. 1950, 60ರ ದಶಕಗಳಲ್ಲಿ ಯಾರೋ ಗ್ಯಾರೇಜಿನಲ್ಲಿ ಗರಗಸ ಹಾಕಿದ ಸಾವಿರಾರು ರೈಫಲ್‌ಗಳು ಮಾರುಕಟ್ಟೆಯಲ್ಲಿವೆ. ಅವುಗಳ ಮೂಲರೂಪ ಆಗಲೇ ಹೋಗಿದೆ. ನಿಮ್ಮ ಕೆಲಸ ಅಲ್ಲಿಂದ ಶುರುವಾಗಲಿ.

98 ಮೌಸರ್

ಜರ್ಮನಿ 1898ರಲ್ಲಿ ಒಪ್ಪಿಕೊಂಡ ಈ ವಿನ್ಯಾಸವನ್ನು ಆಮೇಲೆ ಬಂದ ಬಹುಪಾಲು ಬೋಲ್ಟ್ ರೈಫಲ್‌ಗಳು ಅನುಸರಿಸಿವೆ. ಮುಂದೆ ಎರಡು ಬೀಗದ ಲಗ್ (ರಿಸೀವರಿಗೆ ಸಿಕ್ಕಿಕೊಳ್ಳುವ ಉಕ್ಕಿನ ಚಾಚು), ಅವು ಸೋತರೆ ತಡೆಯಲು ಹಿಂದೆ ಮೂರನೆಯದು. ಬೋಲ್ಟಿನ ಪಕ್ಕಕ್ಕೆ ಅಂಟಿಕೊಂಡ ಉದ್ದನೆಯ ಎಕ್ಸ್‌ಟ್ರಾಕ್ಟರ್ ತೋಟಾ ಮ್ಯಾಗಜಿನ್ ಬಿಟ್ಟ ಕ್ಷಣದಿಂದಲೇ ಅದರ ಅಂಚನ್ನು ಹಿಡಿದಿರುತ್ತದೆ. ರೈಫಲ್ ತಲೆಕೆಳಗಾದರೂ ತೋಟಾ ಬೀಳುವುದಿಲ್ಲ. ಕೇಸ್ ಸೀಳಿದರೆ ಗ್ಯಾಸ್ ಹೊರಹೋಗಲು ಬೋಲ್ಟಿನಲ್ಲಿ ದೊಡ್ಡ ತೂತುಗಳಿವೆ, ಹಿಂದಿನ ಅಗಲ ಅಂಚು ಮುಖಕ್ಕೆ ಮರೆಯಾಗುತ್ತದೆ. ನನ್ನ ಮಟ್ಟಿಗೆ, ಗ್ಯಾಸಿನ ವಿಷಯದಲ್ಲಿ ಹಳೆಯ ಮಿಲಿಟರಿ ಆ್ಯಕ್ಷನ್ನುಗಳಲ್ಲಿ ಇದಕ್ಕೆ ಸಮ ಇಲ್ಲ.

ಆದರೆ 98 ಎಂಬ ಹೆಸರಿನಡಿ ಹಲವು ಸಂತತಿಗಳಿವೆ, ಗೊಂದಲ ಶುರುವಾಗುವುದು ಇಲ್ಲೇ. ರಿಸೀವರಿನ ಮುಂದಿನ ಉಂಗುರದ ವ್ಯಾಸ ದೊಡ್ಡದರಲ್ಲಿ 1.41 ಇಂಚು, ಚಿಕ್ಕದರಲ್ಲಿ 1.30 ಇಂಚು. ತುರ್ಕಿಯ ಹಲವು ರೈಫಲ್‌ಗಳಲ್ಲಿ ಉಂಗುರ ದೊಡ್ಡದು, ಬ್ಯಾರೆಲ್ ತಿರುಪಿ ಕೂರುವ ಸುರುಳಿ ಗೆರೆ ಮಾತ್ರ ಚಿಕ್ಕದು. ಯುಗೊಸ್ಲಾವಿಯದ ಎಂ48 ಉದ್ದದಲ್ಲಿ ಸುಮಾರು ಕಾಲು ಇಂಚು ಗಿಡ್ಡ. ಮಾಮೂಲಿ 98ಕ್ಕೆ ಕೊರೆದ ಸ್ಟಾಕ್ ಅದಕ್ಕೆ ಕೂರುವುದಿಲ್ಲ. ಬ್ಯಾರೆಲ್ ಆರ್ಡರ್ ಮಾಡುವ ಮೊದಲು ನಿಮ್ಮದು ಯಾವ ಸಂತತಿ ಎಂದು ಅಳೆಸಿ ಗೊತ್ತುಮಾಡಿಕೊಳ್ಳಿ.

ಚೆಕೊಸ್ಲೊವಾಕಿಯದ ಬ್ರ್ನೊದಲ್ಲಿ ತಯಾರಾದ ವಿಝಡ್-24 ನನ್ನ ಸಾಮಾನ್ಯ ಶಿಫಾರಸು. ಒಳ್ಳೆಯ ಉಕ್ಕು, ನಯವಾದ ಯಂತ್ರಕೆಲಸ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಯುದ್ಧದ ಕೊನೆಯಲ್ಲಿ ಅವಸರದಲ್ಲಿ ಮಾಡಿದ ಜರ್ಮನ್ 98ಕೆಗಳಲ್ಲಿ ಆ ನಯ ಕಾಣುವುದಿಲ್ಲ.

ಅರ್ಜೆಂಟೀನಾದ 1909 ಮಾದರಿಯನ್ನು ನೋಡಿದವರು ಮನಸೋಲುತ್ತಾರೆ. ಮ್ಯಾಗಜಿನ್ನಿನ ತಳದ ತಟ್ಟೆ ಕೀಲಿನ ಮೇಲೆ ತೆರೆಯುತ್ತದೆ, ಅದರ ಬಿಡುಗಡೆಯ ಗುಂಡಿ ಟ್ರಿಗರ್ ಗಾರ್ಡಿನ ಒಳಗೇ ಇದೆ. ಇಂಥ ತಳವನ್ನು ಹೊಸದಾಗಿ ಕೊಂಡು ಕೂರಿಸುವುದು ದುಬಾರಿ. ಇಲ್ಲಿ ಅದು ಜೊತೆಗೇ ಬರುತ್ತದೆ. ತೊಂದರೆ ಉಕ್ಕಿನದು. ಒಳಗೆ ಮೆದು, ಮೇಲ್ಪದರ ಮಾತ್ರ ಗಡಸು. ಆ ಪದರ ತೆಳುವಾಗಿದ್ದರೆ ಹೊಸ ತೋಟಾಗಳ ಒತ್ತಡಕ್ಕೆ ಬೀಗದ ಲಗ್‌ಗಳು ಎದುರಿನ ಉಕ್ಕನ್ನು ಒತ್ತಿ ತಗ್ಗು ಮಾಡುತ್ತವೆ. ಲಕ್ಷಣ ಸ್ಪಷ್ಟ: ಗುಂಡು ಹಾರಿದ ಮೇಲೆ ಬೋಲ್ಟ್ ಎತ್ತಲು ಬಿಗಿ. ಈ ಆ್ಯಕ್ಷನ್ ಕೊಂಡರೆ ಗಡಸುತನದ ಪರೀಕ್ಷೆಗೂ, ಬೇಕಾದರೆ ಮತ್ತೆ ಹದ ಕೊಡಿಸುವುದಕ್ಕೂ ಹಣ ಮೀಸಲಿಡಿ. ಅಷ್ಟು ಮಾಡಿದರೆ ಇದಕ್ಕಿಂತ ಸುಂದರ ಅಡಿಪಾಯ ಅಪರೂಪ.

ಜರ್ಮನಿಯ ಪರ್ವತ ಪಡೆಗಳಿಗೆಂದು ಬ್ರ್ನೊದಲ್ಲೇ 1940ರಿಂದ 42ರವರೆಗೆ ತಯಾರಾದ ಜಿ 33/40 ಹಗುರ. ಅಲ್ಲಲ್ಲಿ ಉಕ್ಕು ಕೊರೆದು ತೂಕ ಇಳಿಸಿದ್ದಾರೆ. ಹಗುರ ಬೆಟ್ಟದ ರೈಫಲ್ ಕಟ್ಟುವವರಿಗೆ ಇದೇ ಅಚ್ಚುಮೆಚ್ಚು. ಮೂಲರೂಪದ್ದು ಸಂಗ್ರಾಹಕರ ಪಾಲು, ಮೊದಲೇ ಕತ್ತರಿಸಿದ್ದು ಸಿಕ್ಕರೆ ಮಾತ್ರ ಕೈಹಾಕಿ.

ತೋಟಾದ ವಿಷಯದಲ್ಲಿ 98 ಹುಟ್ಟಿದ್ದೇ 57 ಮಿಲಿಮೀಟರ್ ಉದ್ದದ ಕೇಸಿರುವ ತೋಟಾಗಳ ಕುಟುಂಬಕ್ಕೆ. 7×57, 8×57, .257 ರಾಬರ್ಟ್ಸ್ ಏನೂ ತಿದ್ದದೆ ಜಾರುತ್ತವೆ. .270 ಅಥವಾ .30-06 ಬೇಕೆಂದರೆ ಮ್ಯಾಗಜಿನ್ ಪೆಟ್ಟಿಗೆಯ ಮುಂಭಾಗವನ್ನೂ ತೋಟಾ ಏರುವ ಇಳಿಜಾರನ್ನೂ ತುಸು ತಿದ್ದಬೇಕು. ಸಾವಿರಾರು ರೈಫಲ್‌ಗಳಲ್ಲಿ ಆಗಿರುವ ಕೆಲಸವೇ. .375 ಎಚ್ ಅಂಡ್ ಎಚ್‌ನಂಥ ಉದ್ದನೆಯ ಮ್ಯಾಗ್ನಮ್‌ಗೆ (ಹೆಚ್ಚು ಬಲದ ದೊಡ್ಡ ತೋಟಾಕ್ಕೆ) ಹೋದರೆ ಕೆಳಗಿನ ಬೀಗದ ಲಗ್ ಆನಿಕೊಳ್ಳುವ ಜಾಗದ ಹಿಂದಿನ ಉಕ್ಕನ್ನೇ ಕೊರೆಯಬೇಕಾಗುತ್ತದೆ. ಮಾಡಿದವರು ಇದ್ದಾರೆ. ನಾನು ಯಾರಿಗೂ ಅದನ್ನು ಹೇಳುವುದಿಲ್ಲ.

ಸ್ಪ್ರಿಂಗ್‌ಫೀಲ್ಡ್ 1903

ಇದು ಮೌಸರಿನ ಮಗುವೇ; ಪೇಟೆಂಟಿನ ಹಕ್ಕಿಗಾಗಿ ಅಮೆರಿಕ ಸರ್ಕಾರ ಮೌಸರ್ ಕಂಪನಿಗೆ 2,00,000 ಡಾಲರ್ ಕೊಟ್ಟಿತು. .30-06 ಬೇಕು ಎನ್ನುವವರಿಗೆ ಇದರ ಅಳತೆ ಹೇಳಿಮಾಡಿಸಿದ್ದು, ಏನನ್ನೂ ಕೊರೆಯಬೇಕಿಲ್ಲ. ಬೋಲ್ಟ್ ಜಾರುವ ನಯವೇ ಬೇರೆ. ಅಮೆರಿಕನ್ ಕ್ಲಾಸಿಕ್ ಶೈಲಿ ಹುಟ್ಟಿದ್ದು ಇದರ ಮೇಲೆಯೇ ಆದ್ದರಿಂದ ಸ್ಟಾಕಿನ ಗೆರೆಗಳು ಇದಕ್ಕೆ ತಾವಾಗಿ ಒಪ್ಪುತ್ತವೆ.

ಇಲ್ಲಿ ನೋಡಬೇಕಾದ್ದು ಸೀರಿಯಲ್ ನಂಬರ್. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ 8,00,000ಕ್ಕಿಂತ ಕೆಳಗಿನದು, ರಾಕ್ ಐಲೆಂಡ್ ಕಾರ್ಖಾನೆಯದಾದರೆ 2,85,507ಕ್ಕಿಂತ ಕೆಳಗಿನದು ಬೇಡವೇ ಬೇಡ. ಆ ಕಾಲದ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ ಶಾಖ ತೀರ್ಮಾನಿಸುತ್ತಿದ್ದರು. ಪ್ರಖರ ಬಿಸಿಲಿನ ದಿನ ಕೆಂಪು ಮಂಕಾಗಿ ಕಂಡು, ಉಕ್ಕು ಬೇಕಾದ್ದಕ್ಕಿಂತ ಹೆಚ್ಚು ಕಾದುಬಿಡುತ್ತಿತ್ತು. ಅಂಥ ರಿಸೀವರ್ ಗಾಜಿನ ಹಾಗೆ ಪೆಡಸು. ಕೆಲವು ಒಡೆದು ಚೂರಾದವು. 1918ರಿಂದ ಎರಡು ಹಂತದ ಹದ ಬಂತು, ಮುಂದೆ ನಿಕ್ಕಲ್ ಉಕ್ಕು ಬಂತು. ಹಳೆಯ ಸಂಖ್ಯೆಯದಕ್ಕೆ ಮತ್ತೆ ಹದ ಕೊಡಿಸಿದರಾಯಿತು ಎಂದು ಮಾರುವವರು ಹೇಳಿದರೆ ನಂಬಬೇಡಿ. ಸುಟ್ಟ ಉಕ್ಕು ಮತ್ತೆ ಉಕ್ಕಾಗುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ರೆಮಿಂಗ್ಟನ್ ಮತ್ತು ಸ್ಮಿತ್-ಕರೋನಾ ತಯಾರಿಸಿದ 1903ಎ3 ಹಣ ನೋಡಿ ಖರ್ಚು ಮಾಡುವವರಿಗೆ ಒಳ್ಳೆಯ ಆಯ್ಕೆ. ಟ್ರಿಗರ್ ಗಾರ್ಡ್ ತಗಡನ್ನು ಒತ್ತಿ ಮಾಡಿದ್ದು, ಅದನ್ನು ಬದಲಿಸಿದರೆ ಚೆಲುವು ಬರುತ್ತದೆ. ಕವಾಯತಿಗೆಂದು ಬೆಸುಗೆ ಹಾಕಿ ನಿಷ್ಕ್ರಿಯಗೊಳಿಸಿದ್ದ ರಿಸೀವರ್‌ಗಳನ್ನು ಬೆಸುಗೆ ತೇದು ಮಾರುವುದೂ ಉಂಟು. ಬೆಸುಗೆಯ ಗುರುತು ಕಂಡರೆ ಅಲ್ಲಿಗೇ ಬಿಡಿ.

ಮೌಸರಿನ ಎದುರು ಇದು ಸೋಲುವುದು ಗ್ಯಾಸಿನ ವಿಷಯದಲ್ಲಿ. ಬ್ಯಾರೆಲ್ಲಿನ ಹಿಂದಿನ ಮುಖ ಶಂಕುವಿನಾಕಾರ ಇರುವುದರಿಂದ ಕೇಸಿನ ತಳಕ್ಕೆ ಉಕ್ಕಿನ ಆಸರೆ ತುಸು ಕಡಿಮೆ, ಹಿಂದಿನ ತಡೆಯೂ ಅಷ್ಟು ಅಗಲ ಇಲ್ಲ. ಫೈರಿಂಗ್ ಪಿನ್ ಎರಡು ತುಂಡಿನದು. ಕಾರ್ಖಾನೆಯ ಮಾಮೂಲು ತೋಟಾ ಹಾರಿಸುವವರಿಗೆ ಇದು ಆತಂಕದ ವಿಷಯವಲ್ಲ. ತೋಟಾ ತಾವೇ ತುಂಬಿಕೊಂಡು ಒತ್ತಡದ ಮಿತಿ ಮುಟ್ಟಿ ನೋಡುವವರು ಮಾತ್ರ ಬೇರೆ ಆ್ಯಕ್ಷನ್ ನೋಡಲಿ.

ಎಂ1917 ಮತ್ತು ಪಿ14

ಶೀರ್ಷಿಕೆಯಲ್ಲಿ ಎನ್‌ಫೀಲ್ಡ್ ಎಂದದ್ದು ಇವುಗಳನ್ನೇ: ಬ್ರಿಟಿಷ್ ವಿನ್ಯಾಸ, ಅಮೆರಿಕದ ಕಾರ್ಖಾನೆ. ವಿಂಚೆಸ್ಟರ್, ರೆಮಿಂಗ್ಟನ್, ಎಡ್ಡಿಸ್ಟೋನ್‌ಗಳಲ್ಲಿ ಮೊದಲು ಬ್ರಿಟನ್ನಿಗಾಗಿ .303ರಲ್ಲಿ ಪಿ14, ಆಮೇಲೆ ಅಮೆರಿಕಕ್ಕಾಗಿ .30-06ರಲ್ಲಿ ಎಂ1917 ತಯಾರಾದವು. ಎರಡನೆಯದೊಂದೇ 20 ಲಕ್ಷಕ್ಕೂ ಹೆಚ್ಚು. ನಿಕ್ಕಲ್ ಉಕ್ಕಿನ ಉದ್ದನೆಯ, ದಪ್ಪನೆಯ ಆ್ಯಕ್ಷನ್. .375 ಎಚ್ ಅಂಡ್ ಎಚ್, .300 ಎಚ್ ಅಂಡ್ ಎಚ್‌ನಂಥ ದೊಡ್ಡ ತೋಟಾ ಬೇಕಿದ್ದು ಮ್ಯಾಗ್ನಮ್ ಮೌಸರಿಗೆ ಹಣ ಸುರಿಯಲಾಗದವರಿಗೆ ಇರುವ ಪ್ರಾಮಾಣಿಕ ದಾರಿ ಇದೇ. ಪಿ14ರ ಬೋಲ್ಟಿನ ಮುಖ ಮೊದಲೇ ಅಗಲವಾಗಿರುವುದರಿಂದ ಮ್ಯಾಗ್ನಮ್ ತೋಟಾಗಳಿಗೆ ಇನ್ನೂ ಹತ್ತಿರ.

ಆದರೆ ಬಾಕಿ ಕೆಲಸ ನೋಡಿ. ಹಿಂದಿನ ಗುರಿಪಟ್ಟಿಯನ್ನು ಕಾಯುವ ಎರಡು ದೊಡ್ಡ ಕಿವಿಗಳನ್ನು ಮಿಲ್ಲಿಂಗ್ ಮಾಡಿ ತೆಗೆದು ಬೆನ್ನಿಗೆ ಗುಂಡನೆಯ ಆಕಾರ ಕೊಡಬೇಕು. ನಾಯಿಕಾಲಿನಂತೆ ಸೊಟ್ಟಗಿರುವ ಬೋಲ್ಟ್ ಹಿಡಿಯನ್ನು ತಿದ್ದಬೇಕು. ಮ್ಯಾಗಜಿನ್ನಿನ ಹೊಟ್ಟೆ ಒಳಗೆಳೆಯಬೇಕು, ಟ್ರಿಗರ್ ಗಾರ್ಡ್ ನೇರ ಮಾಡಬೇಕು. ಬೋಲ್ಟ್ ಮುಚ್ಚುವಾಗ ಸ್ಪ್ರಿಂಗ್ ಬಿಗಿಯುವ ಪದ್ಧತಿ ಬೇಡವೆನ್ನುವವರು ಅದನ್ನೂ ಬದಲಿಸಬೇಕು. ಇಷ್ಟಾದ ಮೇಲೂ ತೂಕ ಹೆಚ್ಚೇ. ಎಡ್ಡಿಸ್ಟೋನಿನ ಬ್ಯಾರೆಲ್‌ಗಳನ್ನು ವಿಪರೀತ ಬಿಗಿಯಾಗಿ ತಿರುಗಿಸಿ ಕೂರಿಸಿದ್ದಾರೆ. ಬಿಚ್ಚುವಾಗ ರಿಸೀವರ್ ಬಿರಿಯುವ ಅಪಾಯವಿದೆ. ಬ್ಯಾರೆಲ್ ಭುಜದ ಬಳಿ ಮೊದಲು ಗೆರೆ ಕೊರೆದು ಬಿಗಿತ ಸಡಿಲಿಸುವುದು ಗೊತ್ತಿರುವ ಗನ್‌ಸ್ಮಿತ್ ಕೈಗೇ ಕೊಡಿ, ಆಮೇಲೆ ಬಿರುಕಿನ ಪರೀಕ್ಷೆ ಮಾಡಿಸಿ. .270ನಂಥ ತೋಟಾಕ್ಕೆ ಈ ಆ್ಯಕ್ಷನ್ ತೆಗೆದುಕೊಳ್ಳುವುದು ವ್ಯರ್ಥ ಶ್ರಮ.

ಉಳಿದವು

ಸ್ವೀಡನ್ನಿನ 96ರಂಥ ಚಿಕ್ಕ ಉಂಗುರದ ಮೌಸರ್‌ಗಳ ಕೆಲಸಗಾರಿಕೆ ಕಣ್ಣಿಗೆ ಹಬ್ಬ. ಮೂರನೆಯ ಲಗ್ ಇಲ್ಲ, ಗ್ಯಾಸ್ ತಡೆ ದುರ್ಬಲ. ಹಗುರ ಒತ್ತಡದ 6.5×55, 7×57, .257 ರಾಬರ್ಟ್ಸ್‌ಗಳಿಗೆ ಸೀಮಿತಗೊಳಿಸಿ; .270 ಕೇಳಬೇಡಿ.

ಲೀ-ಎನ್‌ಫೀಲ್ಡ್ ನಮ್ಮವರಿಗೆ ಪರಿಚಿತ. ಪೊಲೀಸರ ಭುಜದಲ್ಲಿದ್ದ .303 ಅದೇ, ಭಾರತದ ಆರ್ಡ್‌ನೆನ್ಸ್ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ಲೂ ಅದೇ ವಂಶದ್ದು. ಗಟ್ಟಿ, ವೇಗದ ಬೋಲ್ಟ್. ಆದರೆ ಸ್ಟಾಕ್ ಎರಡು ತುಂಡು, ಬೀಗ ಹಿಂದೆ. ಒಂದೇ ಮರದಲ್ಲಿ ಹರಿಯುವ ಕ್ಲಾಸಿಕ್ ಗೆರೆ ಇದರ ಮೇಲೆ ಬರುವುದಿಲ್ಲ. ಅಭಿಮಾನವಿದ್ದರೆ ಅದನ್ನು ಅದರ ಮೂಲರೂಪದಲ್ಲೇ ಇಟ್ಟುಕೊಳ್ಳಿ.

ಮಿಲಿಟರಿ ಅಲ್ಲದ ಮೌಸರ್‌ಗಳನ್ನು ಓದುಗರು ಮರೆಯುತ್ತಾರೆ. ಬೆಲ್ಜಿಯಮ್ಮಿನ ಎಫ್‌ಎನ್ ನಾಗರಿಕರಿಗಾಗಿ ಮಾಡಿದ ಆ್ಯಕ್ಷನ್ನುಗಳು, ಸರ್ಬಿಯಾದ ಝಸ್ತವಾ ಎಂ70 ಇವು 98ರ ವಿನ್ಯಾಸವೇ. ಎಡಗೋಡೆಯಲ್ಲಿ ಹೆಬ್ಬೆರಳಿನ ಕಚ್ಚು ಇಲ್ಲ, ಬೋಲ್ಟ್ ಹಿಡಿ ಮೊದಲೇ ಕೆಳಗೆ. ಆ್ಯಕ್ಷನ್ನಿಗೆ ಹೆಚ್ಚು ಕೊಟ್ಟರೂ ಗನ್‌ಸ್ಮಿತ್ ಬಿಲ್ಲಿನಲ್ಲಿ ಅದು ವಾಪಸು ಬರುತ್ತದೆ. ಚರಿತ್ರೆಯ ಸೆಳೆತ ನಿಮಗಿಲ್ಲ, ರೂಪ ಸಾಕು ಎಂದಾದರೆ ನನ್ನ ಮೊದಲ ಸಲಹೆ ಇದೇ.

ಹಣ ಮತ್ತು ಮರ

ಗ್ಯಾರೇಜಿನಲ್ಲಿ ತಿದ್ದಿದ ಹಳೆಯ ರೈಫಲ್ ಕೆಲವು ನೂರು ಡಾಲರಿಗೆ ಸಿಗುತ್ತದೆ. ಹೆಸರಾಂತ ಕುಶಲಕರ್ಮಿಯೊಬ್ಬರು ಪೂರ್ತಿ ಕಟ್ಟಿದ ರೈಫಲ್ 10,000 ಡಾಲರ್ ಸುಲಭವಾಗಿ ದಾಟುತ್ತದೆ. ಮಾರಲು ಹೋದರೆ ಹಾಕಿದ್ದು ವಾಪಸು ಬರುವುದು ವಿರಳ. ಆದ್ದರಿಂದ ನಿಮಗಾಗಿ ಮಾಡಿಸಿ, ಹೂಡಿಕೆ ಎಂದಲ್ಲ.

ನಡುವಿನ ದಾರಿಯಲ್ಲಿ ಹೋಗುವವರು ಆ್ಯಕ್ಷನ್, ಬ್ಯಾರೆಲ್ಲುಗಳ ಉಕ್ಕಿನ ಕೆಲಸವನ್ನು ಗನ್‌ಸ್ಮಿತ್‌ಗೆ ಬಿಟ್ಟು, ಮುಕ್ಕಾಲು ಭಾಗ ಕೊರೆದ ಸ್ಟಾಕ್ ತರಿಸಿ ಮರದ ಕೆಲಸ ತಾವೇ ಮಾಡಿಕೊಳ್ಳಬಹುದು. ಮರಗೆಲಸ ತಪ್ಪಿದರೆ ಹೋಗುವುದು ಮರ ಮಾತ್ರ. ಉಕ್ಕಿನ ಕೆಲಸ ತಪ್ಪಿದರೆ ಕಣ್ಣು ಹೋದೀತು. ಬೋಲ್ಟ್ ಹಿಡಿ ಬೆಸೆಯುವಾಗ ಶಾಖ ಹಿಂದಕ್ಕೋ ಮುಂದಕ್ಕೋ ಹರಿದರೆ ಗಡಸು ಭಾಗಗಳು ಮೆದುವಾಗುತ್ತವೆ. ಚೇಂಬರಿನ ಅಳತೆ ಗೇಜ್ ಹಾಕಿ ನೋಡದೆ ಒಂದು ಗುಂಡೂ ಹಾರಿಸಬಾರದು.

ಸ್ಟಾಕಿಗೆ ಅಕ್ರೋಟೇ ಬೇಕು. ಅಮೆರಿಕದ ಕರಿ ಅಕ್ರೋಟು ಗಟ್ಟಿ, ಬೆಲೆ ಕಡಿಮೆ, ನಾರು ದಪ್ಪ. ಇಂಗ್ಲಿಷ್ ಅಕ್ರೋಟು ಎಂದು ಕರೆಯುವ ಜಾತಿ ನಮ್ಮ ಕಾಶ್ಮೀರದ ಕೆತ್ತನೆ ಕೆಲಸದ ಮರವೇ. ನಾರು ಸಣ್ಣ, ಇಂಚಿಗೆ 24 ಗೆರೆಯ ಚೌಕುಳಿಯನ್ನೂ ಮುಕ್ಕಾಗದೆ ಹಿಡಿಯುತ್ತದೆ. ಮರ ಆರಿಸುವಾಗ ಹಿಂಭಾಗದ ಚಿತ್ತಾರ ನೋಡಿ ಮರುಳಾಗುವ ಮೊದಲು ಕತ್ತಿನ ಭಾಗದ ನಾರು ನೋಡಿ. ಅಲ್ಲಿ ಅದು ಕೈ ಹಿಡಿತದ ದಿಕ್ಕಿನಲ್ಲೇ ನೇರ ಹರಿಯಬೇಕು. ಅಡ್ಡ ಹರಿದರೆ ಒದೆತಕ್ಕೆ ಅಲ್ಲೇ ಸೀಳುತ್ತದೆ.

ಹಾಗಾದರೆ ಯಾರಿಗೆ ಯಾವುದು? ಮೊದಲ ಸಲ ಮಾಡಿಸುತ್ತಿರುವವರು, ಜಿಂಕೆಗೆ ಸಾಕಾಗುವ ಮೃದು ಒದೆತದ ರೈಫಲ್ ಬಯಸುವವರು ವಿಝಡ್-24 ಮೇಲೆ 7×57 ಕಟ್ಟಿಸಲಿ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೂ ಹೋಗುತ್ತೇನೆ, ಯಾವ ಊರಿನ ಅಂಗಡಿಯಲ್ಲೂ ತೋಟಾ ಸಿಗಬೇಕು ಎನ್ನುವವರಿಗೆ 1903ಎ3 ಅಥವಾ ಹೊಸ ಸಂಖ್ಯೆಯ 1903, ಅದೂ .30-06ರಲ್ಲೇ. ಆಫ್ರಿಕಾದ ಕನಸಿದ್ದರೆ ಕಿವಿಗಳನ್ನು ಆಗಲೇ ನಾಜೂಕಾಗಿ ತೆಗೆದಿರುವ ಎಂ1917 ಹುಡುಕಿ. ಕೈಯಲ್ಲಿ ಧಾರಾಳ ಹಣವೂ ಕಾಯುವ ತಾಳ್ಮೆಯೂ ಇದ್ದರೆ ಹದ ಕೊಡಿಸಿದ ಅರ್ಜೆಂಟೀನಾ 1909.

ಆ್ಯಕ್ಷನ್ ಕೊಳ್ಳುವ ಮೊದಲೇ ಗನ್‌ಸ್ಮಿತ್ ಬಳಿ ಹೋಗಿ ಪ್ರತಿ ಕೆಲಸಕ್ಕೂ ಬೇರೆ ಬೇರೆ ದರ ಬರೆಸಿಕೊಳ್ಳಿ. ಕೆಲಸ ಶುರುವಾದ ಮೇಲೆ ಬಿರುಕು ಮತ್ತು ಗಡಸುತನದ ಪರೀಕ್ಷೆ ಎಲ್ಲಕ್ಕಿಂತ ಮೊದಲು ನಡೆಯಲಿ. ಆ ವರದಿ ಕೈಗೆ ಬರುವ ತನಕ ಬ್ಯಾರೆಲ್ಲಿಗೂ ಮರಕ್ಕೂ ಮುಂಗಡ ಕೊಡಬೇಡಿ.